ಶಾಯಿ ಹಿಡಿಯದ ಬೆರಳು

ತೊಂಬತ್ತಾರರ ಚುನಾವಣೆಗೆ ನನ್ನನ್ನು ಪ್ರಿಸೈಡಿಂಗ್ ಆಫೀಸರ್ ಮಾಡಿದ ಆದೇಶ ಬಂದಾಗ ನಾನು ತಮಿಳುನಾಡಿನ ಬೋಡಿನಾಯಕನೂರಿನ ಶಾಲೆಯೊಂದರಲ್ಲಿ ಲೆಕ್ಕದ ಮೇಷ್ಟ್ರು. ನಮ್ಮ ಹೆಡ್‌ಮಾಸ್ಟರು ಆದೇಶವನ್ನು ನನ್ನ ಕೈಗಿಡುತ್ತಾ, "ಒಂದು ದಿನದ ಮಟ್ಟಿಗೆ ನೀನು ಕಲೆಕ್ಟರಿಗಿಂತ ದೊಡ್ಡವನು, ಮಾರನೇ ದಿನ ಮತ್ತೆ ಇಲ್ಲೇ ಬಂದು ಹಾಜರಿ ಕೂಗಬೇಕು, ನೆನಪಿರಲಿ" ಎಂದು ನಕ್ಕರು. ಮತಗಟ್ಟೆಯೊಳಗಿನ ತೀರ್ಮಾನವೆಲ್ಲ ಪ್ರಿಸೈಡಿಂಗ್ ಆಫೀಸರನದೇ ಎಂದು ತರಬೇತಿಯಲ್ಲಿ ಹತ್ತಾರು ಸಲ ಹೇಳಿದ್ದರು. ಕೇಳುವಾಗ ಅದು ಅಧಿಕಾರದ ಮಾತಿನಂತೆ ಕೇಳಿತ್ತು. ತಪ್ಪಾದರೆ ಹೊಣೆಯೂ ನನ್ನದೇ ಎಂಬುದು ಮತದಾನದ ದಿನವೇ ಅರ್ಥವಾದದ್ದು.

ನನಗೆ ಸಿಕ್ಕ ಮತಗಟ್ಟೆ ಕಂಬಂ ಕಣಿವೆಯಲ್ಲಿ, ಹನುಮಂತನಪಟ್ಟಿಯಿಂದ ಆಚೆಗಿನ ಒಂದು ಸಣ್ಣ ಊರಿನ ಪ್ರಾಥಮಿಕ ಶಾಲೆ. ಒಂದು ಕಡೆ ದ್ರಾಕ್ಷಿ ಚಪ್ಪರ, ಇನ್ನೊಂದು ಕಡೆ ಬಾಳೆತೋಟ. ನಾನು ವೇದಸಂದೂರಿನ ಕಡೆಯವನು. ಹತ್ತಿ, ಕಡಲೆಕಾಯಿ, ನೂಲಿನ ಗಿರಣಿ, ಒಣ ಗಾಳಿ, ಇಷ್ಟೇ ನಾನು ಕಂಡ ಬೇಸಾಯ. ಬಾಳೆಯ ವಿಷಯದಲ್ಲಿ ಸಿಪ್ಪೆ ಸುಲಿದು ತಿನ್ನುವುದಕ್ಕಿಂತ ಹೆಚ್ಚಿಗೆ ನನಗೇನೂ ಗೊತ್ತಿರಲಿಲ್ಲ. ಮನೆಯಲ್ಲಿ ನಾವು ಆಡುವುದು ಕನ್ನಡ. ಹೊಸ್ತಿಲು ದಾಟಿದರೆ ತಮಿಳು. ಅಜ್ಜನ ಅಜ್ಜಂದಿರ ಕಾಲದಿಂದಲೂ ಹೀಗೆಯೇ ನಡೆದುಬಂದಿದೆ, ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ಹಿಂದಿನ ದಿನವೇ ಲಾರಿಯಲ್ಲಿ ಪೆಟ್ಟಿಗೆ, ಮತಪತ್ರ, ಅರಗು, ದಾರ, ಗೋಣಿಚೀಲಗಳ ಸಮೇತ ನಮ್ಮನ್ನು ಇಳಿಸಿ ಹೋದರು. ನನ್ನ ಜೊತೆ ತಾಲ್ಲೂಕು ಕಚೇರಿಯ ಒಬ್ಬ ಗುಮಾಸ್ತರು, ಮತದಾರರ ಪಟ್ಟಿಯಲ್ಲಿ ಹೆಸರು ಹುಡುಕಿ ಗಟ್ಟಿಯಾಗಿ ಓದುವುದು ಅವರ ಕೆಲಸ. ಬೆರಳಿಗೆ ಶಾಯಿ ಹಚ್ಚಿ ಮತಪತ್ರ ಹರಿದು ಕೊಡಲು ತೇನಿಯಿಂದ ಬಂದ ಒಬ್ಬ ಟೀಚರು. ಅವರನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ, ಎರಡೂ ದಿನ ಅವರು ಎಲ್ಲರಿಗೂ ಶಾಯಿ ಟೀಚರೇ ಆಗಿದ್ದರು. ಆ ಸಲ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಮತದಾನ. ಡೆಲ್ಲಿಗೆ ಬಿಳಿ ಕಾಗದ, ಮದ್ರಾಸಿಗೆ ಗುಲಾಬಿ ಕಾಗದ. ಪ್ರತಿಯೊಂದರ ಹಿಂದೆಯೂ ನನ್ನ ಸಹಿ ಬೀಳಬೇಕು. ಹಾಕುತ್ತಾ ಹಾಕುತ್ತಾ ಅದು ನನ್ನ ಸಹಿಯ ಹಾಗೆ ಕಾಣುವುದನ್ನೇ ಬಿಟ್ಟುಬಿಟ್ಟಿತು.

ಬೆಳಿಗ್ಗೆ ಖಾಲಿ ಪೆಟ್ಟಿಗೆಯನ್ನು ಏಜೆಂಟರಿಗೆ ತಲೆಕೆಳಗು ಮಾಡಿ ತೋರಿಸಿ, ಕಾಗದದ ಮುದ್ರೆ ಹಾಕಿ, ಮತದಾನ ಶುರು ಮಾಡಿದೆವು. ಏಜೆಂಟರಲ್ಲಿ ಮಾತಾಡುವವರು ಇಬ್ಬರೇ. ಆಳುವ ಪಕ್ಷದ ಪರವಾಗಿ ಸಹಕಾರ ಸಂಘದಿಂದ ನಿವೃತ್ತರಾದ, ದಪ್ಪ ಕನ್ನಡಕದ ಹಿರಿಯರು. ಎದುರು ಪಕ್ಷಕ್ಕೆ ಗೊಬ್ಬರದ ಅಂಗಡಿಯ ಯಜಮಾನ. ಇಬ್ಬರೂ ಬೆಳಗಿನಿಂದ ಯಾವುದನ್ನೂ ಒಪ್ಪಿಕೊಂಡವರಲ್ಲ. ಬೆಂಚು ಎಲ್ಲಿ ಹಾಕಬೇಕು, ಬಾಗಿಲು ಎಷ್ಟು ತೆರೆಯಬೇಕು, ಪೊಲೀಸು ಒಳಗೆ ನಿಲ್ಲಬೇಕೋ ಹೊರಗೋ, ಎಲ್ಲಕ್ಕೂ ಜಗಳ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅಂದರೇನೆಂದು ಅವರನ್ನು ನೋಡಿ ತಿಳಿಯಬೇಕು.

ಬಿಸಿಲು ಏರುವ ಹೊತ್ತಿಗೆ ಬಾಳೆತೋಟದ ಕಡೆಯಿಂದ ಹೆಂಗಸರ ಒಂದು ದೊಡ್ಡ ಗುಂಪು ಬಂದು ಸಾಲಿನಲ್ಲಿ ನಿಂತಿತು. ಕೇರಳಕ್ಕೆ ಹೋಗುವ ಲಾರಿ ತೋಟದಲ್ಲಿ ನಿಂತಿತ್ತಂತೆ. ಆ ಊರಿನಲ್ಲಿ ಗೊನೆ ಕಡಿಯುವುದು ಮುಯ್ಯಿ ಲೆಕ್ಕದಲ್ಲಿ. ಇವತ್ತು ನಿನ್ನ ತೋಟಕ್ಕೆ ನಾವು, ನಾಳೆ ನಮ್ಮ ತೋಟಕ್ಕೆ ನೀನು. ಗಂಡಸರು ಕಡಿದು ಇಳಿಸಿದರೆ, ಹೊರುವುದು, ಚಿಪ್ಪು ಬಿಡಿಸಿ ಅಡಕುವುದು ಹೆಂಗಸರು. ಅರ್ಧ ಲೋಡು ಮುಗಿಸಿ, ಉಳಿದರ್ಧಕ್ಕೆ ಮೊದಲು ಓಟು ಹಾಕಿ ಬರುತ್ತೇವೆಂದು ಹೇಳಿ, ಕೈ ಕೂಡ ತೊಳೆಯದೆ ಬಂದುಬಿಟ್ಟಿದ್ದರು.

ಮೊದಲು ಒಳಗೆ ಬಂದವರು ಐವತ್ತರ ಆಸುಪಾಸಿನ ಒಬ್ಬ ಅಕ್ಕ. ಗುಮಾಸ್ತರು ಹೆಸರು ಓದಿದರು, ಏಜೆಂಟರು ತಲೆಯಾಡಿಸಿದರು, ಶಾಯಿ ಟೀಚರು ಎಡಗೈ ತೋರುಬೆರಳು ಹಿಡಿದು ಶಾಯಿ ಕಡ್ಡಿಯನ್ನು ಉಗುರಿನ ಬುಡಕ್ಕೆ ಎಳೆದರು. ಶಾಯಿ ನಿಲ್ಲಲಿಲ್ಲ. ಹನಿಹನಿಯಾಗಿ ಉರುಳಿ ಮೇಜಿನ ಮೇಲೆ ಬಿತ್ತು. ಇನ್ನೊಂದು ಸಲ ಎಳೆದರು, ಅದೂ ಜಾರಿತು. ಟೀಚರು ಬೆರಳನ್ನು ತಿಕ್ಕಿ ನೋಡಿ ನನ್ನ ಕಡೆ ತಿರುಗಿ ಮೆಲ್ಲಗೆ, "ಸಾರ್, ಎಣ್ಣೆ" ಎಂದರು.

ಮೆಲ್ಲಗೆ ಹೇಳಿದರೂ ಕನ್ನಡಕದ ಏಜೆಂಟರಿಗೆ ಕೇಳಿತು. "ಎಣ್ಣೈ ತಡವಿಟ್ಟು ವಂದಿರುಕ್ಕಾಂಗ ಸಾರ್!" ಎಂದು ಎದ್ದೇ ನಿಂತರು. ಎಣ್ಣೆ ಸವರಿಕೊಂಡು ಬಂದಿದ್ದಾರೆ, ಶಾಯಿ ಅಳಿಸಿಕೊಂಡು ಎರಡನೇ ಸಲ ಬರುವ ಹುನ್ನಾರ, ಇವರಿಗೆಲ್ಲ ಗೊಬ್ಬರದಂಗಡಿಯವನೇ ಹೇಳಿಕೊಟ್ಟಿರಬೇಕು ಎಂದು ತಮಿಳಿನಲ್ಲಿ ಕೂಗಾಡಿದರು. ಗೊಬ್ಬರದಂಗಡಿಯವರು ಬಿಡುತ್ತಾರೆಯೇ? ಇದು ನಿಮ್ಮ ಕಡೆಯವರದೇ ಕೆಲಸ ಎಂದು ಅವರೂ ಎದ್ದರು. ನಾನು ಸಾಲಿನ ಮುಂದಿನ ಕೈಗಳನ್ನೆಲ್ಲ ನೋಡಿದೆ. ಎಲ್ಲವೂ ಹೊಳೆಯುತ್ತಿದ್ದವು. ನನಗೂ ಅನುಮಾನ ಬಂತು, ಸುಳ್ಳು ಹೇಳಲಾರೆ.

ಕೈಪಿಡಿ ತೆಗೆದೆ. ಮತದಾರರು ಬೆರಳಿಗೆ ಎಣ್ಣೆಯಂಥದ್ದನ್ನು ಹಚ್ಚಿಕೊಂಡಿದ್ದರೆ ಬಟ್ಟೆಯಿಂದ ಒರೆಸಿ ಆಮೇಲೆ ಶಾಯಿ ಹಾಕತಕ್ಕದ್ದು ಎಂದಿತ್ತು. ಕೊಟ್ಟಿದ್ದ ಚಿಂದಿಬಟ್ಟೆಯಿಂದ ಒರೆಸಿದೆವು. ಹಚ್ಚಿದ್ದು ಹರಳೆಣ್ಣೆ. ಒರೆಸಿದಷ್ಟೂ ಬಟ್ಟೆ ಎಣ್ಣೆಯಾಯಿತೇ ಹೊರತು ಬೆರಳು ಒಣಗಲಿಲ್ಲ. ಶಾಯಿ ಹಚ್ಚಿಸಿಕೊಳ್ಳಲು ಒಪ್ಪದವರಿಗೆ ಮತಪತ್ರ ಕೊಡಬಾರದು ಎಂದೂ ಕೈಪಿಡಿಯಲ್ಲಿತ್ತು. ಆದರೆ ಈ ಅಕ್ಕ ಒಲ್ಲೆ ಅನ್ನುತ್ತಿರಲಿಲ್ಲ, ಬೆರಳು ಚಾಚಿಕೊಂಡೇ ನಿಂತಿದ್ದರು. ಒಲ್ಲೆ ಅನ್ನುತ್ತಿದ್ದದ್ದು ಶಾಯಿ.

"ಏನಮ್ಮಾ, ಎಣ್ಣೆ ಯಾಕೆ?" ಎಂದು ತಮಿಳಿನಲ್ಲಿ ಗದರಿದೆ.

"ಬಾಳೆಯ ಸೊನೆ ಸಾರ್. ಎಣ್ಣೆ ಹಚ್ಚದಿದ್ದರೆ ಕೈಯೆಲ್ಲ ಕರ್ರಗಾಗುತ್ತೆ, ಸೀರೆಗೆ ಬಿದ್ದರೆ ಸೀರೆ ಹೋಯ್ತು" ಎಂದು ಅವರೂ ತಮಿಳಿನಲ್ಲೇ ಹೇಳಿದರು. ನಂಬಬೇಕೋ ಬಿಡಬೇಕೋ ತಿಳಿಯಲಿಲ್ಲ. ಹೊರಗೆ ಸಾಲು ಬೆಳೆಯುತ್ತಿತ್ತು. ಮೇಲ್ವಿಚಾರಣೆಯ ಅಧಿಕಾರಿಯ ಜೀಪು ಅದೇ ಹೊತ್ತಿಗೆ ಬಂತು. ಓಡಿಹೋಗಿ ವಿಷಯ ಹೇಳಿದೆ. ಅವರು ಜೀಪಿನಿಂದ ಇಳಿಯದೆಯೇ, "ಪುಸ್ತಕ ನೋಡಿ ಸಾರ್, ಪುಸ್ತಕದಲ್ಲಿ ಇಲ್ಲದಿದ್ದರೆ ನೀವೇ ನೋಡಿ" ಎಂದು ಹೇಳಿ ಮುಂದಿನ ಊರಿಗೆ ಹೊರಟರು.

ಒಳಗೆ ಬಂದು ನಾನು ಸುಲಭದ ದಾರಿ ಹಿಡಿದೆ. ಮನೆಗೆ ಹೋಗಿ ಸೋಪಿನಲ್ಲಿ ತೊಳೆದುಕೊಂಡು ಬನ್ನಿ, ಅಲ್ಲಿಯವರೆಗೆ ಪಕ್ಕಕ್ಕೆ ನಿಲ್ಲಿ ಎಂದೆ. ಅಕ್ಕ ಕದಲಲಿಲ್ಲ. ಹಿಂದೆ ನಿಂತಿದ್ದ ಹೆಂಗಸಿನ ಕಡೆ ತಿರುಗಿ ಹೇಳಿದ್ದು ಕನ್ನಡದಲ್ಲಿ:

"ಕೇಳ್ದೇನೇ? ಇವ್ನೂ ನನ್ ಓಟ ಕವರ್‌ಗೆ ಹಾಕಾಕೇ ಬಂದವ್ನೆ. ಹೋದ ತೇರ್ದಲ್‌ನಾಗೂ ಇಂಗೇ ಓರಮಾಗಿ ನಿಲ್ಲು ಅಂದ್ರು, ನಿಂತೆ. ಯಾವಳೋ ಬಂದು ನನ್ ಹೆಸ್ರ ಹೇಳಿ ಹಾಕ್ಬುಟ್ಟು ಓದ್ಲು. ನಾ ಅತ್ಕೊಂಡೆ ಅಂತ ಒಂದು ಕಾಗ್ದ ಕೊಟ್ಟು, ಕವರೊಳಗೆ ಇಕ್ಕಿ ಅಂಟ್ಸಿದ್ರು. ಅದ ಎಣ್ಸೋದೇ ಇಲ್ವಂತೆ! ಈ ಸಲ ಕೊರಳ ಹಿಡ್ದು ನೂಕಿದ್ರೂ ನಾ ಇಲ್ಲಿಂದ ಓಗಾಕಿಲ್ಲ."

ಅವರು ಹೇಳುತ್ತಿದ್ದದ್ದು ಹಿಂದಿನ ಚುನಾವಣೆಯಲ್ಲಾದ ಟೆಂಡರ್ ಓಟಿನ ವಿಷಯ. ನಮ್ಮ ಓಟನ್ನು ಮೊದಲೇ ಬೇರೆ ಯಾರಾದರೂ ಹಾಕಿಬಿಟ್ಟಿದ್ದರೆ, ನಿಜವಾದ ಮತದಾರರು ಬಂದಾಗ ಇನ್ನೊಂದು ಮತಪತ್ರ ಕೊಡುತ್ತಾರೆ. ಆದರೆ ಅದು ಪೆಟ್ಟಿಗೆಗೆ ಬೀಳುವುದಿಲ್ಲ, ಲಕೋಟೆಯಲ್ಲಿ ಮುಚ್ಚಿ ಬೇರೆ ಇಡುತ್ತಾರೆ. ಕೋರ್ಟು ಕೇಳಿದರೆ ಹೊರಗೆ ಬರುತ್ತದೆ, ಇಲ್ಲದಿದ್ದರೆ ಅಲ್ಲೇ ಇರುತ್ತದೆ. ತರಬೇತಿಯಲ್ಲಿ ಇದನ್ನು ಕೇಳಿದಾಗ ಒಳ್ಳೆಯ ಏರ್ಪಾಡು ಅನ್ನಿಸಿತ್ತು. ಆ ಲಕೋಟೆಯೊಳಗೆ ಓಟು ಹೋದ ಹೆಂಗಸೇ ಈಗ ಎದುರಿಗೆ ನಿಂತಿದ್ದರು. ಪಕ್ಕಕ್ಕೆ ನಿಲ್ಲು ಎಂದು ನಾನೂ ಅದೇ ಮಾತನ್ನು ಆಡಿದ್ದೆ.

ಆಗಲೇ ನಾನು ಎಡವಟ್ಟು ಮಾಡಿಕೊಂಡದ್ದು. ವೇದಸಂದೂರಿನಿಂದ ಇಷ್ಟು ದೂರ ಬಂದು, ಸರ್ಕಾರದ ಮೇಜಿನ ಮುಂದೆ, ನಮ್ಮ ಅಡುಗೆಮನೆಯ ಮಾತು ಕಿವಿಗೆ ಬಿದ್ದರೆ ಬಾಯಿ ಸುಮ್ಮನಿರುವುದಿಲ್ಲ. "ಅಯ್ಯೋ, ಹಂಗಲ್ಲಕ್ಕಾ, ಈ ಸಲ ಹಂಗೆ ಆಗಾಕೆ ನಾ ಬುಡಾಕಿಲ್ಲ, ಒಸಿ ನಿಲ್ಲಿ" ಎಂದು ಕನ್ನಡದಲ್ಲೇ ಅಂದುಬಿಟ್ಟೆ.

ಅಕ್ಕನ ಕಣ್ಣು ಅರಳಿದವು. "ಅಟ! ನೀ ನಮ್ಮವ್ನಾ?" ಎಂದರು, ಇಡೀ ಕೋಣೆಗೆ ಕೇಳುವ ಹಾಗೆ. ಸಾಲಿನಲ್ಲಿ ಗುಸುಗುಸು ಹರಡಿ, ಹೆಂಗಸರೆಲ್ಲ ಬಾಗಿಲಲ್ಲಿ ಇಣುಕಿ ನನ್ನನ್ನು ಹೊಸ ಅಳಿಯನನ್ನು ನೋಡುವ ಹಾಗೆ ನೋಡತೊಡಗಿದರು. ಇಬ್ಬರು ಏಜೆಂಟರೂ ಒಟ್ಟಿಗೆ ಮೇಜಿನ ಹತ್ತಿರ ಬಂದರು. ಏನು ಮಾತಾಡಿದಿರಿ? ಯಾವ ಭಾಷೆ ಅದು? ಇವರು ನಿಮ್ಮ ಜಾತಿಯವರೇ? ಯಾರಿಗೆ ಹಾಕಬೇಕೆಂದು ಹೇಳಿಕೊಟ್ಟಿರಾ? ಬೆಳಗಿನಿಂದ ಹಾವು ಮುಂಗುಸಿಯಂತಿದ್ದ ಇಬ್ಬರೂ ಅಂದು ಮೊದಲ ಸಲ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದರು. ಆ ವಿಷಯ ನಾನು. ಕನ್ನಡಕದವರು ಕಾಗದ ತೆಗೆದು ಎಣ್ಣೆಯ ಬಗ್ಗೆ ಒಂದು, ನನ್ನ ಮೇಲೆ ಒಂದು, ಎರಡು ದೂರು ಬರೆಯಲು ಕುಳಿತೇಬಿಟ್ಟರು.

ಅವರ ಮೇಲೆ ನನಗೆ ಸಿಟ್ಟು ಬಂತು, ನಿಜ. ಆದರೆ ಅವರ ಜಾಗದಲ್ಲಿ ನಾನಿದ್ದಿದ್ದರೆ ಸುಮ್ಮನಿರುತ್ತಿದ್ದೆನೇ? ಅಧಿಕಾರಿಯೂ ಮತದಾರರೂ ಬೇರೆ ಯಾರಿಗೂ ತಿಳಿಯದ ಮಾತಿನಲ್ಲಿ ಪಿಸುಗುಟ್ಟಿದರೆ ಯಾರಿಗಾದರೂ ಅನುಮಾನ ಬಂದೇ ಬರುತ್ತದೆ. ಹೆಂಗಸರನ್ನು ಮನೆಗೆ ಕಳಿಸಿದರೆ ಅವರು ತಿರುಗಿ ಬರುವುದಿಲ್ಲ, ಲಾರಿ ಕಾಯುವುದಿಲ್ಲ. ಬಂದರೂ ಅಷ್ಟರಲ್ಲಿ ಅವರ ಹೆಸರಿನಲ್ಲಿ ಬೇರೆಯವರು ಹಾಕಿರುವುದಿಲ್ಲವೆಂದು ಹೇಳಲು ನಾನು ಯಾರು? ಒಳಗೆ ಬಿಟ್ಟರೆ ನನ್ನವರಿಗಾಗಿ ಬಿಟ್ಟನೆಂಬ ಮಾತು ಬರುತ್ತದೆ. ಕೈಪಿಡಿಯ ಹಾಳೆಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ನಾನು ಎದ್ದು ನಿಂತು ತಮಿಳಿನಲ್ಲಿ ಗಟ್ಟಿಯಾಗಿ ಹೇಳಿದೆ. ಈ ಅಮ್ಮ ಹೇಳಿದ್ದು ಇಷ್ಟು, ನಾನು ಹೇಳಿದ್ದು ಇಷ್ಟು. ಹೌದು, ನಮ್ಮ ಮನೆಮಾತು ಒಂದೇ, ಇವರು ಯಾರೆಂದು ನನಗೆ ಗೊತ್ತಿಲ್ಲ. ಇನ್ನು ಮುಂದೆ ಈ ಕೋಣೆಯಲ್ಲಿ ನಾನು ಒಂದು ಪದವೂ ಕನ್ನಡದಲ್ಲಿ ಆಡುವುದಿಲ್ಲ. ನೀವು ದೂರು ಬರೆಯಿರಿ, ತೆಗೆದುಕೊಳ್ಳುತ್ತೇನೆ. ಯಾರನ್ನೂ ಮನೆಗೆ ಕಳಿಸುವುದಿಲ್ಲ. ಎಣ್ಣೆ ಇಲ್ಲೇ, ನಿಮ್ಮಿಬ್ಬರ ಕಣ್ಣೆದುರಿಗೇ ಹೋಗಬೇಕು. ಶಾಯಿ ನಿಂತವರಿಗೆ ಮತಪತ್ರ, ನಿಲ್ಲದವರಿಗೆ ಇಲ್ಲ.

ಹೇಳಿದ್ದೇನೋ ಹೇಳಿದೆ. ಎಣ್ಣೆ ತೆಗೆಯುವುದು ಹೇಗೆ? ಊರಿನ ನಲ್ಲಿಯಲ್ಲಿ ನೀರು ಬೆಳಿಗ್ಗೆ ಬಂದು ನಿಂತುಹೋಗಿತ್ತು. ನಮ್ಮಲ್ಲಿದ್ದದ್ದು ಒಂದು ಬಕೆಟ್ ಕುಡಿಯುವ ನೀರು. ನಾನು ಸ್ನಾನಕ್ಕೆ ತಂದಿದ್ದ ಸೋಪನ್ನು ಅಕ್ಕನ ಕೈಗೆ ಕೊಟ್ಟೆ. ಒಂದು ಚೆಂಬು ನೀರು ಖರ್ಚಾಯಿತು, ಬೆರಳು ಇನ್ನೂ ಜಾರುತ್ತಲೇ ಇತ್ತು. ಈ ಲೆಕ್ಕದಲ್ಲಿ ನೀರು ನಾಲ್ಕು ಜನಕ್ಕೂ ಸಾಲದು. ಕನ್ನಡಕದವರು ದೂರು ಬರೆಯುವುದನ್ನು ನಿಲ್ಲಿಸಿ, ಈಗೇನು ಮಾಡುತ್ತೀರಿ ಎಂಬಂತೆ ನನ್ನನ್ನು ನೋಡಿದರು.

ನಾನು ಹಣೆಯ ಬೆವರು ಒರೆಸಿಕೊಳ್ಳುತ್ತಾ ಕರಿಹಲಗೆಗೆ ಕೈ ಆನಿಸಿ ನಿಂತಿದ್ದೆ. ಶಾಯಿ ಟೀಚರು ನನ್ನ ಅಂಗೈ ನೋಡಿದರು. ಸೀಮೆಸುಣ್ಣದ ಪುಡಿ ಮೆತ್ತಿ, ಬೆವರೆಲ್ಲ ಹೀರಿ, ಅಂಗೈ ಒಣಗಿ ಬಿಳಿಚಿಕೊಂಡಿತ್ತು. ಇಬ್ಬರಿಗೂ ಅದು ಒಟ್ಟಿಗೇ ಹೊಳೆಯಿತು ಅಂತ ಕಾಣುತ್ತದೆ. ಅವರು ಡಬ್ಬಿಯಿಂದ ಸೀಮೆಸುಣ್ಣ ತೆಗೆದರೆ ನಾನು ಅದನ್ನು ಅರಗು ಕುಟ್ಟುವ ಕಲ್ಲಿನಿಂದ ಪುಡಿ ಮಾಡಿದೆ. ಅಕ್ಕನ ಬೆರಳಿಗೆ ಪುಡಿ ಹಾಕಿ ತಿಕ್ಕಿದರು. ಎಣ್ಣೆ ಕುಡಿದ ಪುಡಿ ಮುದ್ದೆಯಾಗಿ ಉದುರಿತು. ಇನ್ನೊಂದು ಸಲ ತಿಕ್ಕಿ, ಒದ್ದೆಬಟ್ಟೆಯಲ್ಲಿ ಒರೆಸಿ ಶಾಯಿ ಎಳೆದರು. ಶಾಯಿ ಉಗುರಿನ ಬುಡದಲ್ಲಿ ಕಚ್ಚಿಕೊಂಡು ನಿಂತಿತು. ಒಣಗಿದ ಮೇಲೆ ನಾನು ಕನ್ನಡಕದವರನ್ನು ಕರೆದು, ಅಳಿಸಿ ನೋಡಿ ಎಂದೆ. ಅವರು ಅಕ್ಕನ ಕೈ ಮುಟ್ಟಲು ಸಂಕೋಚಪಟ್ಟು, ಆಕೆಯ ಕೈಯಿಂದಲೇ ತಿಕ್ಕಿಸಿದರು. ಅದು ಹೋಗಲಿಲ್ಲ.

ಇಲ್ಲಿಗೆ ಮುಗಿಯಿತೆಂದುಕೊಂಡೆ, ಮುಗಿದಿರಲಿಲ್ಲ. ಎಡಗೈಯ ಗುಂಗಿನಲ್ಲಿ ನಾವು ಬಲಗೈಯನ್ನು ಮರೆತೇಬಿಟ್ಟಿದ್ದೆವು. ಅಕ್ಕ ಗುಲಾಬಿ ಮತಪತ್ರ ತೆಗೆದುಕೊಂಡದ್ದೇ ತಡ, ಕಾಗದದ ಮೇಲೆ ಎಣ್ಣೆಯ ಬೆರಳಚ್ಚು ಮೂಡಿತು. ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವಷ್ಟು. ಮತ ಹಾಕಿದವರು ಯಾರೆಂದು ಗುರುತು ಸಿಗುವಂಥ ಮಚ್ಚೆ ಮತಪತ್ರದ ಮೇಲಿದ್ದರೆ, ಎಣಿಕೆಯ ಮೇಜಿನಲ್ಲಿ ಯಾರಾದರೂ ತಕರಾರು ಎತ್ತಬಹುದು. ಅಕ್ಕ ಕಾಗದವನ್ನೂ ನನ್ನ ಮುಖವನ್ನೂ ನೋಡಿ ತಮಿಳಿನಲ್ಲಿ ಕೇಳಿದರು, "ಇದನ್ನ ಎಣಿಸ್ತಾರಾ ಸಾರ್?"

ಎಣಿಸುತ್ತಾರೆ ಹೋಗಿ ಎಂದುಬಿಡಬಹುದಿತ್ತು. ಬಹುಶಃ ಎಣಿಸುತ್ತಲೂ ಇದ್ದರು. ಆದರೆ ಒಂದು ಸಲ ಲಕೋಟೆಗೆ ಹೋದವರಿಗೆ ಬಹುಶಃ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಕೈತಪ್ಪಿ ಹಾಳಾದ ಮತಪತ್ರವನ್ನು ವಾಪಸು ಪಡೆದು ಬೇರೆ ಕೊಡಲು ನಿಯಮವಿದೆ. ಆ ಕಾಗದದ ಮೇಲೆ ರದ್ದು ಎಂದು ಬರೆದು ಏಜೆಂಟರಿಗೆ ತೋರಿಸಿ ಬೇರೆ ಇಟ್ಟೆ. ಅಕ್ಕ ಎರಡೂ ಕೈಗೆ ಪುಡಿ ತಿಕ್ಕಿಕೊಂಡರು. ಹೊಸ ಗುಲಾಬಿ ಕಾಗದವನ್ನೂ ಡೆಲ್ಲಿಯ ಬಿಳಿ ಕಾಗದವನ್ನೂ ಹಿಡಿದು, ಬಿಳಿ ಬಿಳಿ ಕೈಯಲ್ಲಿ ಗೋಣಿಪರದೆಯ ಹಿಂದೆ ಹೋದರು. ತುಂಬ ಹೊತ್ತು ಬರಲಿಲ್ಲ. ಬಂದವರು ಮಡಚಿದ ಕಾಗದಗಳನ್ನು ಪೆಟ್ಟಿಗೆಯ ಸೀಳಿನಲ್ಲಿ ಹಾಕಿ, ಬಗ್ಗಿ, ಅವು ಒಳಗೆ ಬಿದ್ದಿವೆಯೇ ಎಂದು ಕಣ್ಣಿಟ್ಟು ನೋಡಿಯೇ ಹೊರಟರು.

ಆಮೇಲೆ ಕೆಲಸ ಓಡಿತು. ಅಕ್ಕ ಹೊರಗೆ ನಿಂತು ಸಾಲಿನವರಿಗೆಲ್ಲ ಸೀಮೆಸುಣ್ಣ ಹಂಚಿದರು. ಒಳಗೆ ಬರುವಷ್ಟರಲ್ಲಿ ಎಲ್ಲರ ಕೈಯೂ ಹಿಟ್ಟು ಕಲಸಿದಂತೆ ಇರುತ್ತಿತ್ತು. ಶಾಲೆಯ ವರ್ಷದ ಸೀಮೆಸುಣ್ಣ ಅಂದೇ ಮುಗಿದಿರಬೇಕು. ಗೊಬ್ಬರದಂಗಡಿಯವರು ನಗಲು ಶುರು ಮಾಡಿದರು. ಕನ್ನಡಕದವರು ನಗಲಿಲ್ಲ. ಆದರೆ ತಲೆಗೆ ಹಚ್ಚಿದ್ದ ಎಣ್ಣೆಯನ್ನು ಬೆರಳಿಗೆ ಬಳಿದುಕೊಂಡು, ಬೆಳಿಗ್ಗೆ ತಾವೇ ಹಾಕಿಸಿಕೊಂಡಿದ್ದ ಶಾಯಿಯನ್ನು ಮಧ್ಯಾಹ್ನವೆಲ್ಲ ಬೆಂಚಿನ ಕೆಳಗೆ ತಿಕ್ಕುತ್ತಿದ್ದುದನ್ನು ನಾನು ಕಂಡೆ. ಅಳಿಯುವುದೋ ಇಲ್ಲವೋ ಎಂದು ಅವರಿಗೇ ತಿಳಿಯಬೇಕಿತ್ತು. ಸಂಜೆ ಪೆಟ್ಟಿಗೆಗೆ ಅರಗು ಹಾಕುವಾಗ ಬೆರಳನ್ನು ನನ್ನ ಮುಂದೆ ಹಿಡಿದು, "ಪೋಗಲೆ ಸಾರ್" ಎಂದರು, ಹೋಗಲಿಲ್ಲವೆಂದು. ಹಾಗಾದರೆ ದೂರು ವಾಪಸು ತೆಗೆದುಕೊಳ್ಳುತ್ತೀರಾ ಎಂದು ಕೇಳಿದೆ. ಎಣ್ಣೆಯ ದೂರನ್ನು ಹರಿದುಹಾಕಿದರು. ಬೇರೆ ಭಾಷೆ ಆಡಿದ್ದರ ದೂರು ಇರಲಿ, ಅದು ತಪ್ಪೇ ಎಂದರು. ಅವರ ಮಾತು ಸರಿಯೆನ್ನಿಸಿ, ಅದನ್ನು ನನ್ನ ವರದಿಯ ಜೊತೆಗೇ ಲಗತ್ತಿಸಿದೆ. ಮುಂದೆ ಅದಕ್ಕೆ ಸಮಜಾಯಿಷಿ ಕೇಳಿದರು, ನಡೆದದ್ದನ್ನು ಬರೆದು ಕೊಟ್ಟೆ, ಅಲ್ಲಿಗೆ ಮುಗಿಯಿತು.

ಎಣಿಕೆಯ ದಿನ ನನಗೆ ಕೆಲಸವಿರಲಿಲ್ಲ. ಬೋಡಿನಾಯಕನೂರಿನ ಏಲಕ್ಕಿ ಮಂಡಿಯ ಎದುರಿನ ಟೀ ಅಂಗಡಿಯಲ್ಲಿ ರೇಡಿಯೋ ಕೇಳುತ್ತಾ ಕುಳಿತೆ. ಜಿಲ್ಲೆ ಜಿಲ್ಲೆಯಿಂದ ಸುದ್ದಿ ಬರುತ್ತಿತ್ತು, ಸರ್ಕಾರ ಬದಲಾಗುವುದು ಖಚಿತವಾಗುತ್ತಿತ್ತು, ಅಂಗಡಿಯ ಮುಂದೆ ಪಟಾಕಿ ಹೊಡೆಯುತ್ತಿದ್ದರು. ನನಗೆ ಮಾತ್ರ ಒಂದೇ ಯೋಚನೆ. ಎಲ್ಲೋ ಒಂದು ಮೇಜಿನ ಮೇಲೆ ನನ್ನ ಸಹಿಯಿರುವ ಗುಲಾಬಿ ಕಾಗದಗಳನ್ನು ಬಿಡಿಸುತ್ತಿರುತ್ತಾರೆ. ಅದರಲ್ಲಿ ಒಂದಕ್ಕಾದರೂ ಸುಣ್ಣದ ಪುಡಿ ಅಂಟಿಕೊಂಡಿದ್ದು, ಯಾರಾದರೂ ತಕರಾರು ತೆಗೆದರೆ? ನಮ್ಮ ಮತಗಟ್ಟೆಯ ಬಗ್ಗೆ ಯಾವ ತಕರಾರೂ ಬರಲಿಲ್ಲವೆಂದು ಎಣಿಕೆಗೆ ಹೋಗಿದ್ದ ಗುಮಾಸ್ತರು ಮಾರನೇ ದಿನ ಹೇಳಿದಾಗಲೇ ನನಗೆ ಸಮಾಧಾನವಾದದ್ದು. ಸಂತೋಷಕ್ಕೆ ಅವರಿಗೆ ಕಾಫಿ ಕೊಡಿಸಿದೆ.

ಕೆಲವು ವಾರಗಳ ಮೇಲೆ ಹನುಮಂತನಪಟ್ಟಿಗೆ ಒಂದು ಮದುವೆಗೆ ಹೋಗಿದ್ದೆ. ವಾಪಸು ಬರಲು ಬಸ್ಸಿಗೆ ಕಾಯುತ್ತಿದ್ದಾಗ ಹಿಂದಿನಿಂದ ಯಾರೋ, "ಏ ಸೀಮೆಸುಣ್ಣದ ವಾತ್ಯಾರೇ!" ಎಂದು ಕೂಗಿದರು. ವಾತ್ಯಾರು ಅಂದರೆ ತಮಿಳಿನಲ್ಲಿ ಮೇಷ್ಟ್ರು. ತಿರುಗಿದರೆ ಅದೇ ಅಕ್ಕ, ತಲೆಯ ಮೇಲೆ ಬಾಳೆಎಲೆಯ ಕಟ್ಟು. ಈಗ ಯಾವ ಏಜೆಂಟರ ಕಾಟವೂ ಇಲ್ಲದ್ದರಿಂದ ನಾವು ಮನಸಾರೆ ಕನ್ನಡದಲ್ಲಿ ಮಾತಾಡಿದೆವು. ನಮ್ಮ ಊರು, ಮನೆತನ, ಹೆಣ್ಣು ಕೊಟ್ಟ ಊರು ಎಲ್ಲ ವಿಚಾರಿಸಿ, ಎಲ್ಲಿಯೋ ಸುತ್ತಿಬಳಸಿ ನನಗೆ ಅತ್ತೆಯ ವರಸೆ ಹಚ್ಚಿಕೊಂಡರು.

"ಅಲ್ಲ ಅತ್ತೆ, ಅಷ್ಟೊಂದು ಕುಣಿದಾಡಿ ಓಟ ಹಾಕಿದ್ರಲ್ಲ, ಗೆದ್ರಾ?" ಎಂದು ತಮಾಷೆಗೆ ಕೇಳಿದೆ. ಯಾರಿಗೆ ಹಾಕಿದಿರಿ ಎಂದು ಕೇಳಲಿಲ್ಲ, ಅಭ್ಯಾಸ ಬಲ.

"ಎಲ್ಲಿ ಗೆಲ್ಲೋದು! ನಾ ಹಾಕಿದಾಳು ಸೋತೋದ, ಚೆನ್ನಾಗೇ ಸೋತ."

ನನಗೆ ಪಿಚ್ಚೆನಿಸಿತು. "ಅಯ್ಯೋ ಪಾಪ, ಅಷ್ಟು ಕಷ್ಟಪಟ್ಟಿದ್ದೂ ದಂಡವಾಯ್ತಲ್ಲ" ಎಂದೆ.

ಅತ್ತೆ ಕಟ್ಟನ್ನು ಕೆಳಗಿಳಿಸಿ, ಸೊಂಟದ ಮೇಲೆ ಕೈಯಿಟ್ಟು, ನನ್ನಂಥ ಪೆದ್ದನನ್ನು ಮೇಷ್ಟ್ರು ಮಾಡಿದವರು ಯಾರು ಎಂಬಂತೆ ನೋಡಿದರು.

"ದಂಡ ಏನ್ಕೆ ಆದೀತು, ವಾತ್ಯಾರೇ? ಸೋಲ್ಲಿ ಬುಡು ಅವ್ನು. ಅವ್ನು ಸೋತ ಅಂತ ಹೇಳೋಕೂ ಮುಂಚೆ ನನ್ ಓಟ ಎಣ್ಸಬೇಕಾಯ್ತಲ್ಲ!"